ಮಾಥೇರಾನ್: ವಾಹನವಿಲ್ಲದ ಗಿರಿಧಾಮದಲ್ಲಿ ಉಳಿಸಿಕೊಳ್ಳಬೇಕಾದದ್ದು ಯಾವುದು?

ಪ್ರಶ್ನೆ (ಮುಲುಂಡಿನ ಓದುಗಿ)

ಎಲ್ಲರಿಗೂ ನಮಸ್ಕಾರ. ಮುಂಬಯಿಯ ನಮ್ಮ ಓದುಗರ ಬಳಗದವರು ಮಳೆಗಾಲ ಮುಗಿದ ಮೇಲೆ ನಗರಕ್ಕೆ ಹತ್ತಿರದ ಸಹ್ಯಾದ್ರಿಯ ಗಿರಿಧಾಮ ಮಾಥೇರಾನಿಗೆ ಹೋಗಿ ಎರಡು ದಿನ ಉಳಿಯುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಹೋಗುವ ಮೊದಲು ಊರಿನ ಬಗ್ಗೆ ಒಂದಿಷ್ಟು ಓದಿಕೊಂಡು, ಅಲ್ಲಿ ಒಂದು ಸಂಜೆ ಅದನ್ನೇ ವಿಷಯವಾಗಿಟ್ಟುಕೊಂಡು ಮಾತನಾಡಬೇಕೆಂಬುದು ನಮ್ಮ ಆಸೆ. ಆದರೆ ಸಿಗುವ ಬರಹಗಳಲ್ಲಿ ಹೆಚ್ಚಿನವು ನೋಡಬೇಕಾದ ಪಾಯಿಂಟುಗಳ ಪಟ್ಟಿ ಕೊಟ್ಟು, ಚಿಕ್ಕಿ ಮತ್ತು ಚಪ್ಪಲಿ ಎಲ್ಲಿ ಕೊಳ್ಳಬೇಕೆಂದು ಹೇಳಿ ಮುಗಿಸಿಬಿಡುತ್ತವೆ.

ನನಗೆ ತಿಳಿಯಬೇಕಾಗಿರುವುದು ಬೇರೆ. ಆರೋಗ್ಯಕ್ಕಾಗಿ, ಹವಾ ಬದಲಾವಣೆಗಾಗಿ ಹುಟ್ಟಿಕೊಂಡ ಇಷ್ಟು ಚಿಕ್ಕ ಊರಿನ ಪರಂಪರೆ ಎಂದರೆ ನಿಜವಾಗಿ ಏನು? ಹಳೆಯ ಬಂಗಲೆಗಳೇ, ಪುಟ್ಟ ರೈಲೇ, ಕಾಡೇ, ಅಥವಾ ಮೋಟಾರು ವಾಹನ ಒಳಗೆ ಬರಬಾರದೆಂಬ ಕಟ್ಟುಪಾಡೇ? ಈಗ ಕೆಂಪು ಮಣ್ಣಿನ ದಾರಿಗೆ ಪೇವರ್ ಬ್ಲಾಕ್ ಹಾಸಿದ್ದಾರೆ, ಇ-ರಿಕ್ಷಾ ಬಂದಿದೆ ಎಂದು ಕೇಳುತ್ತೇನೆ. ಇವುಗಳಿಂದ ಊರು ತನ್ನತನ ಕಳೆದುಕೊಂಡಿತೆಂದು ಕೆಲವರು, ಇವಿಲ್ಲದಿದ್ದರೆ ಊರಿನವರು ಬದುಕುವುದು ಹೇಗೆಂದು ಇನ್ನು ಕೆಲವರು ಹೇಳುತ್ತಾರೆ.

ಜೊತೆಗೆ ಒಂದು ಸ್ವಂತದ ಪ್ರಶ್ನೆಯೂ ಇದೆ. ಎಪ್ಪತ್ತು ದಾಟಿದ ನಮ್ಮ ತಾಯಿಯೂ ಬರುತ್ತೇನೆಂದಿದ್ದಾರೆ. ಅವರಿಗೆ ಮೊಣಕಾಲು ನೋವು, ದೂರ ನಡೆಯಲಾರರು. ಅವರನ್ನು ಕರೆದುಕೊಂಡು ಹೋಗುವುದು ಸರಿಯೇ?

ಉತ್ತರ 1 (ನಿವೃತ್ತ ವೈದ್ಯ, ಪುಣೆ)

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ. ‘ಆರೋಗ್ಯಕ್ಕಾಗಿ’ ಎಂಬ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಊರಿನ ಉಳಿದ ಕಥೆಯೆಲ್ಲ ಅಲ್ಲಿಂದಲೇ ಹೊರಡುತ್ತದೆ.

ಠಾಣೆಯ ಕಲೆಕ್ಟರ್ ಆಗಿದ್ದ ಹ್ಯೂ ಪಾಯಿಂಟ್ಜ್ ಮ್ಯಾಲೆಟ್ 1850ರ ಮೇ ತಿಂಗಳಲ್ಲಿ ಚೌಕ್ ಗ್ರಾಮದ ಕಡೆಯಿಂದ ಈ ಗುಡ್ಡವನ್ನು ಹತ್ತಿದ. ಅವನು ಮಾಥೇರಾನನ್ನು ‘ಕಂಡುಹಿಡಿದ’ ಎಂದು ಬರೆಯುವುದು ರೂಢಿಯಾಗಿದೆ. ಆದರೆ ಆ ಕಾಡಿನಲ್ಲಿ ಠಾಕೂರ್, ಕಾತ್ಕರಿ ಮತ್ತು ಧನಗರ ಜನ ಅದಕ್ಕೆ ಬಹಳ ಮುಂಚಿನಿಂದಲೂ ಓಡಾಡಿಕೊಂಡಿದ್ದರು. ದಾರಿ ಗೊತ್ತಿದ್ದವರು ಅವರು. ಮ್ಯಾಲೆಟ್ ಮಾಡಿದ್ದು, ಸುಮಾರು 800 ಮೀಟರ್ ಎತ್ತರದ ಆ ತಂಪು ಸಮತಟ್ಟನ್ನು ಸರಕಾರದ ಮತ್ತು ಮುಂಬಯಿಯ ಶ್ರೀಮಂತರ ಗಮನಕ್ಕೆ ತಂದದ್ದು. ಮುಂದೆ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್ ಅಲ್ಲಿಗೆ ಬಂದು ತನಗೊಂದು ಮನೆಯ ಜಾಗ ಆರಿಸಿಕೊಂಡ ಮೇಲೆ ಬಂಗಲೆಗಳು ಒಂದರ ಹಿಂದೊಂದು ಎದ್ದವು.

ಆಗಿನ ವೈದ್ಯಕೀಯ ತಿಳಿವಳಿಕೆಯನ್ನು ನೆನಪಿಟ್ಟುಕೊಂಡರೆ ಈ ಆತುರದ ಕಾರಣ ಅರ್ಥವಾಗುತ್ತದೆ. ಜ್ವರ ಬರುವುದು ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯಿಂದ ಎಂದು ಆ ಕಾಲದ ವೈದ್ಯರು ನಂಬಿದ್ದರು. ಕ್ಷಯದ ರೋಗಾಣುವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ತೋರಿಸಿದ್ದು 1882ರಲ್ಲಿ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅಂದರೆ ಮಾಥೇರಾನಿನ ಮೊದಲ ಅರ್ಧ ಶತಮಾನ ಪೂರ್ತಿ, ‘ಮೇಲಿನ ಗಾಳಿ ಒಳ್ಳೆಯದು’ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿತ್ತು. ಬಾಂಬೆ ಪ್ರಾಂತದಲ್ಲಿ ಇದು ಹೊಸ ವಿಚಾರವೂ ಆಗಿರಲಿಲ್ಲ. ಗವರ್ನರ್ ಮಾಲ್ಕಮ್‌ನ ಕಾಲದಲ್ಲೇ, ಎಂದರೆ 1820ರ ದಶಕದ ಕೊನೆಯಲ್ಲಿ, ಮಹಾಬಳೇಶ್ವರವನ್ನು ಇದೇ ಉದ್ದೇಶಕ್ಕೆ ಬೆಳೆಸಲಾಗಿತ್ತು. ಆದರೆ ಮಹಾಬಳೇಶ್ವರ ದೂರ. 1856ರ ಹೊತ್ತಿಗೆ ಕಲ್ಯಾಣದಿಂದ ಖೋಪೋಲಿಯ ಕಡೆಗೆ ರೈಲು ಮಾರ್ಗ ಬಂದು, ಬುಡದ ನೇರಳ್ ಗ್ರಾಮ ಮುಂಬಯಿಗೆ ಕೆಲವೇ ಗಂಟೆಗಳ ಹಾದಿಯಾದದ್ದೇ ಮಾಥೇರಾನಿನ ಭಾಗ್ಯವನ್ನು ತಿರುಗಿಸಿತು. ಅಲ್ಲಿಂದ ಮೇಲಕ್ಕೆ ಕುದುರೆ, ಮೇನೆ, ಇಲ್ಲವೇ ಕಾಲ್ನಡಿಗೆ.

ನಂಬಿಕೆಯ ವಿವರಣೆ ತಪ್ಪಾಗಿದ್ದರೂ ಫಲ ಪೂರ್ತಿ ಸುಳ್ಳಾಗಿರಲಿಲ್ಲ. ಬಯಲಿಗಿಂತ ಸುಮಾರು ಐದು ಡಿಗ್ರಿ ಕಡಿಮೆ ತಾಪಮಾನ, ಕಿಕ್ಕಿರಿದ ಓಣಿಯಿಂದ ಬಿಡುಗಡೆ, ಮಲಿನವಾಗದ ನೀರು, ದಿನವೂ ನಡಿಗೆ: ರೋಗಿಗೆ ಹಿತವಾಗುತ್ತಿದ್ದುದು ಇವುಗಳಿಂದ. 800 ಮೀಟರ್ ಎತ್ತರದ ಗಾಳಿಗೆ ತನ್ನಷ್ಟಕ್ಕೆ ಕ್ಷಯವನ್ನು ವಾಸಿಮಾಡುವ ಶಕ್ತಿ ಇಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಅನುಕೂಲವಿದ್ದವರು ನಗರ ಬಿಟ್ಟು ಹೊರಟರೆಂಬುದನ್ನು ನೆನೆದರೆ, ನಗರಕ್ಕೆ ಹತ್ತಿರವಿದ್ದೂ ನಗರವಲ್ಲದ ಇಂಥ ಊರಿನ ಬೆಲೆ ತಿಳಿಯುತ್ತದೆ. ಆಂಗ್ಲರ ಜೊತೆಗೆ ಪಾರ್ಸಿ, ಬೋಹ್ರಾ ಮತ್ತು ಗುಜರಾತಿ ವರ್ತಕರೂ ಇಲ್ಲಿ ಮನೆ ಕಟ್ಟಿದರು. ಅಗಲವಾದ ಜಗಲಿ, ಮೇಲಿನವರೆಗೂ ತೆರೆಯುವ ಕಿಟಕಿ, ಮನೆಗೂ ಮನೆಗೂ ನಡುವೆ ಕಾಡಿನ ಅಂತರ, ಇವು ಅಂದಕ್ಕಾಗಿ ಮಾತ್ರ ಇದ್ದವಲ್ಲ. ಗಾಳಿಯೇ ಔಷಧವೆಂದು ನಂಬಿದ ಕಾಲದ ಕಟ್ಟಡಶಾಸ್ತ್ರವದು. ಆ ಬಂಗಲೆಗಳಲ್ಲಿ ಕೆಲವು ಹೋಟೆಲುಗಳಾಗಿವೆ, ಕೆಲವು ಬೀಗ ಜಡಿದು ನಿಂತಿವೆ. ಹೊರಗಿನಿಂದ ನೋಡುವಾಗಲೂ ಜಗಲಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಗಮನಿಸಿ. ಮನೆ ಕಟ್ಟಿಸಿದವರು ಗಾಳಿಗೆ ಎಷ್ಟು ಬೆಲೆ ಕೊಟ್ಟಿದ್ದರೆಂಬುದು ತಿಳಿಯುತ್ತದೆ.

ನಿಮ್ಮ ತಾಯಿಯವರನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಹೇಗೆ ಎಂಬುದನ್ನು ರೈಲಿನ ವಿಷಯ ತಿಳಿದವರು ಹೇಳಲಿ.

ಉತ್ತರ 2 (ರೈಲ್ವೆಯಲ್ಲಿ ಕೆಲಸ ಮಾಡಿದವನು)

ವೈದ್ಯರು ನನ್ನತ್ತ ಬೆರಳು ಮಾಡಿದ್ದರಿಂದ ಬರೆಯುತ್ತಿದ್ದೇನೆ. ನೇರಳ್–ಮಾಥೇರಾನ್ ರೈಲನ್ನು ಮಕ್ಕಳ ಆಟಿಕೆಯೆಂಬಂತೆ ಮಾತನಾಡುವುದು ನನಗೆ ಯಾವಾಗಲೂ ನೋವಿನ ಸಂಗತಿ. ಅದು ಬಹಳ ಗಂಭೀರವಾದ ಎಂಜಿನಿಯರಿಂಗ್ ಕೆಲಸ, ಮತ್ತು ಅದನ್ನು ಕಟ್ಟಿಸಿದ್ದು ಸರಕಾರವಲ್ಲ. ಮುಂಬಯಿಯ ಬೋಹ್ರಾ ಉದ್ಯಮಿ ಸರ್ ಆದಮಜೀ ಪೀರಭಾಯಿ ಹಣ ಹಾಕಿದರು. ಅವರ ಮಗ ಅಬ್ದುಲ್ ಹುಸೇನ್ ಬೆಟ್ಟದಲ್ಲಿ ನಿಂತು ಕೆಲಸ ಮಾಡಿಸಿದರು. ಆ ಕಾಲದ 16 ಲಕ್ಷ ರೂಪಾಯಿ ಖರ್ಚಾಗಿ 1907ರಲ್ಲಿ ರೈಲು ಓಡಿತು.

ನೇರಳ್ ನಿಲ್ದಾಣ ಸಮುದ್ರಮಟ್ಟದಿಂದ ನಲವತ್ತು ಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿಂದ ಸುಮಾರು 20 ಕಿಲೋಮೀಟರಿನಲ್ಲಿ ಏಳುನೂರೈವತ್ತು ಮೀಟರಿಗೂ ಹೆಚ್ಚು ಎತ್ತರ ಏರಬೇಕು. ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಹತ್ತುವಂಥ ಹಲ್ಲಿನ ಹಳಿ ಇಲ್ಲ. ನೀಲಗಿರಿಯ ರೈಲಿನಲ್ಲಿರುವ ಆ ಸೌಕರ್ಯ ಇಲ್ಲಿಲ್ಲ. ಬರೀ ಗಾಲಿ ಮತ್ತು ಹಳಿಯ ಹಿಡಿತದ ಮೇಲೆ, ಇಪ್ಪತ್ತಕ್ಕೆ ಒಂದರಷ್ಟು (ಇಪ್ಪತ್ತು ಮೀಟರ್ ಸಾಗಿದರೆ ಒಂದು ಮೀಟರ್) ಏರನ್ನು ಹತ್ತಬೇಕು. ಅದಕ್ಕಾಗಿ ಎರಡಡಿ ಅಗಲದ ಗೇಜ್, ಎಂದರೆ ಹಳಿಗಳ ನಡುವಿನ ಅಂತರ, ಆರಿಸಿಕೊಂಡರು, ಹಳಿಯನ್ನು ಗುಡ್ಡದ ಮೈಯನ್ನು ಅನುಸರಿಸಿ ಸುತ್ತಿ ಸುತ್ತಿ ಒಯ್ದರು. ಎಂಜಿನ್ ವಿನ್ಯಾಸದಲ್ಲಿ ಸಲಹೆ ಕೊಟ್ಟವನು ಬ್ರಿಟಿಷ್ ಎಂಜಿನಿಯರ್ ಎವರಾರ್ಡ್ ಕ್ಯಾಲ್‌ಥ್ರಾಪ್; ಎಂಜಿನ್‌ಗಳನ್ನು ತಯಾರಿಸಿದ್ದು ಜರ್ಮನಿಯ ಓರೆನ್‌ಸ್ಟೈನ್ ಆ್ಯಂಡ್ ಕಾಪೆಲ್. ಕಡಿದಾದ ತಿರುವಿನಲ್ಲಿ ಉದ್ದನೆಯ ಎಂಜಿನ್ನಿನ ಗಾಲಿಗಳು ಹಳಿಗೆ ಸಿಕ್ಕಿಕೊಳ್ಳುತ್ತವೆ. ಅದನ್ನು ತಪ್ಪಿಸಲು ಮುಂದಿನ ಮತ್ತು ಹಿಂದಿನ ಅಚ್ಚುಗಳು ಪಕ್ಕಕ್ಕೆ ತುಸು ಸರಿದು, ತಿರುವಿಗೆ ತಕ್ಕಂತೆ ಹೊರಳುವ ಏರ್ಪಾಡು ಆ ಎಂಜಿನ್‌ಗಳಲ್ಲಿತ್ತು. ಅವುಗಳಲ್ಲೊಂದನ್ನು ದಿಲ್ಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಹೋದರೆ ಗಾಲಿಯ ಹತ್ತಿರ ಬಾಗಿ ನೋಡಿ.

ಈ ಮಾರ್ಗದ ಶತ್ರು ಮಳೆ. ಹಳಿ ಹಾದುಹೋಗುವ ಇಳಿಜಾರುಗಳು ಮುಂಗಾರಿನಲ್ಲಿ ಕುಸಿಯುತ್ತವೆ, ನೀರು ಹಳಿಯಡಿಯ ಜಲ್ಲಿಯನ್ನು ಕೊಚ್ಚಿಕೊಂಡು ಹೋಗುತ್ತದೆ. 2005ರ ಜುಲೈ ಮಳೆಯಲ್ಲಿ ಮಾರ್ಗ ಹಾಳಾಗಿ, ಶತಮಾನೋತ್ಸವದ ಹೊತ್ತಿಗೆ 2007ರಲ್ಲಿ ಮತ್ತೆ ತೆರೆಯಿತು. 2016ರಲ್ಲಿ ಹಳಿ ತಪ್ಪಿದ ಘಟನೆಗಳಾದ ಮೇಲೆ ಬಹುಕಾಲ ನಿಂತಿತು. 2019ರ ಮಳೆಯಲ್ಲಿ ಮತ್ತೆ ಕೊಚ್ಚಿಹೋಗಿ, ಪೂರ್ತಿ ಮಾರ್ಗದ ಸಂಚಾರ ಪುನಃ ಆರಂಭವಾದದ್ದು 2022ರ ಅಕ್ಟೋಬರಿನಲ್ಲಿ. ಮಳೆಗಾಲದಲ್ಲಿ ಕೆಳಗಿನ ಭಾಗವನ್ನು ಮುಚ್ಚುತ್ತಾರೆ. ಮೇಲಿನ ಅಮನ್ ಲಾಡ್ಜ್ ಮತ್ತು ಮಾಥೇರಾನ್ ನಿಲ್ದಾಣಗಳ ನಡುವೆ ಹೋಗಿ ಬರುವ ಷಟಲ್ ರೈಲು ಮಾತ್ರ ಓಡುತ್ತದೆ. ಯುನೆಸ್ಕೋದ ವಿಶ್ವ ಪರಂಪರೆಯ ಸಂಭಾವ್ಯ ಪಟ್ಟಿಯಲ್ಲಿ 2005ರಿಂದಲೂ ಈ ರೈಲಿನ ಹೆಸರಿದೆ. ಡಾರ್ಜಿಲಿಂಗ್, ನೀಲಗಿರಿ ಮತ್ತು ಕಾಲ್ಕಾ–ಶಿಮ್ಲಾ ಮಾರ್ಗಗಳಿಗೆ ಸಿಕ್ಕ ಮನ್ನಣೆ ಇದಕ್ಕಿನ್ನೂ ಸಿಕ್ಕಿಲ್ಲ. ಮಾಥೇರಾನಿನ ಪರಂಪರೆ ಯಾವುದೆಂದು ಕೇಳಿದರೆ, ಸಂಕೋಚವಿಲ್ಲದೆ ರೈಲು ಎನ್ನುತ್ತೇನೆ. ಬಂಗಲೆ ಎಲ್ಲ ಗಿರಿಧಾಮದಲ್ಲೂ ಉಂಟು.

ತಾಯಿಯವರ ವಿಷಯ: ನೇರಳಿನಿಂದ ದಸ್ತೂರಿ ನಾಕಾದವರೆಗೆ ಟ್ಯಾಕ್ಸಿ ಹೋಗುತ್ತದೆ. ವಾಹನಗಳಿಗೆ ಅದೇ ಕೊನೆ. ಅಲ್ಲಿಂದ ಸ್ವಲ್ಪ ನಡೆದರೆ ಅಮನ್ ಲಾಡ್ಜ್ ನಿಲ್ದಾಣ. ಷಟಲ್ ಹತ್ತಿದರೆ ಪೇಟೆಯ ನಡುವೆಯೇ ಇಳಿಸುತ್ತದೆ. ಪೇಟೆಗೆ ಹತ್ತಿರದ ವಸತಿಯನ್ನೇ ಆರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಧನ್ಯವಾದ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಅವರು ಷಟಲಿನಲ್ಲಿ ಬರಲು ಒಪ್ಪಿದರು, ಆದರೆ ‘ಮನುಷ್ಯರು ಎಳೆಯುವ ಗಾಡಿಯಲ್ಲಿ ಮಾತ್ರ ನನ್ನನ್ನು ಕೂರಿಸಬೇಡ’ ಎಂದರು. ಕೈರಿಕ್ಷಾ ಕೂಡ ಆ ಊರಿನ ಹಳೆಯ ರೂಢಿಯೇ ತಾನೇ? ವಾಹನ ಬೇಡವೆಂಬ ಕಟ್ಟುಪಾಡು ಉಳಿಯಬೇಕಾದರೆ ಅದೂ ಉಳಿಯಬೇಕೇ? ಈ ಗಂಟನ್ನು ಬಿಡಿಸುವವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಉತ್ತರ 3 (ಕರ್ಜತ್ ಕಡೆಯ ಕನ್ನಡಿಗ)

ನಾನು ಇದೇ ತಾಲೂಕಿನಲ್ಲಿ ವಾಸವಾಗಿದ್ದು, ಕೆಲಸದ ನಿಮಿತ್ತ ಮೇಲಕ್ಕೆ ಹೋಗಿ ಬರುತ್ತಿರುವವನು. ರೈಲಿನ ಬಗ್ಗೆ ಬರೆದ ಹಿರಿಯರ ಮೇಲೆ ಗೌರವವಿಟ್ಟುಕೊಂಡೇ ಭಿನ್ನಾಭಿಪ್ರಾಯ ಹೇಳುತ್ತೇನೆ. ರೈಲು ವರ್ಷಗಟ್ಟಲೆ ನಿಂತಿದ್ದಾಗಲೂ ಮಾಥೇರಾನ್ ಮಾಥೇರಾನಾಗಿಯೇ ಇತ್ತು. ಆದರೆ ಪೇಟೆಯ ಬೀದಿಗೆ ಕಾರು ಬಂದ ದಿನ ಅದು ಲೋಣಾವಳದ ಇನ್ನೊಂದು ಬಡಾವಣೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಮೊದಲು ಕಾಯಬೇಕಾದದ್ದು ಆ ನಿರ್ಬಂಧವನ್ನು, ಮತ್ತು ಅದರ ಕಾಲಡಿಯ ಮಣ್ಣನ್ನು.

ಮಾಥೇರಾನಿನ ತಲೆಯ ಮೇಲೆ ಇರುವುದು ಜಂಬಿಟ್ಟಿಗೆ ಕಲ್ಲು. ನಮ್ಮ ಕರಾವಳಿಯವರ ಮುರಕಲ್ಲು. ಅದರ ಕೆಳಗೆ ಸಹ್ಯಾದ್ರಿಯ ಕರಿಕಲ್ಲಿನ ಪದರಗಳು. ದಾರಿಯ ಬದಿಯಲ್ಲಿ ಕಡಿದ ಜಾಗದಲ್ಲಿ ಕೈಯಿಟ್ಟು ನೋಡಿ: ಕಲ್ಲಿನ ತುಂಬ ಬೆರಳ ತುದಿ ಹೊಗುವಷ್ಟು ತೂತುಗಳು, ಒಳಗೆ ಹಳದಿ ಜೇಡಿ, ಉಜ್ಜಿದರೆ ಅಂಗೈಗೆ ತುಕ್ಕಿನ ಬಣ್ಣ. ಈ ಕಲ್ಲು ಮಳೆಯನ್ನು ಕುಡಿದು ನಿಧಾನವಾಗಿ ಬಿಡುತ್ತದೆ. ಬೇಸಿಗೆಯಲ್ಲೂ ಮರಗಳು ಹಸಿರಾಗಿ ನಿಲ್ಲುವುದಕ್ಕೆ, ಕೆಂದಳಿಲು ಕೊಂಬೆಯಿಂದ ಕೊಂಬೆಗೆ ನೆಲ ಮುಟ್ಟದೆ ಹೋಗುವಷ್ಟು ಕಾಡು ದಟ್ಟವಾಗಿರುವುದಕ್ಕೆ ಈ ನೆಲ ಕಾರಣ. ಊರಿಗೆ ಕುಡಿಯುವ ನೀರು ಕೊಡುತ್ತ ಬಂದ ಷಾರ್ಲೆಟ್ ಕೆರೆ ತುಂಬುವುದೂ ಇದೇ ಕಾಡಿನ ನೀರಿನಿಂದ. ನೆಲವನ್ನು ಕಾಂಕ್ರೀಟಿನಿಂದ ಮುಚ್ಚಿದರೆ ನೀರು ಒಳಗಿಳಿಯದೆ ಬದಿಗೆ ನುಗ್ಗುತ್ತದೆ. ಬದಿಯೆಂದರೆ ಇಲ್ಲಿ ಕಡಿದಾದ ಕಣಿವೆ.

ಹಾಗೆಂದು ಮಣ್ಣಿನ ದಾರಿ ತಾನಾಗಿಯೇ ಉಳಿಯುತ್ತದೆಂದು ಹೇಳಲಾರೆ. ಪ್ರತಿ ಮುಂಗಾರಿನಲ್ಲೂ ಅದು ಕೊರೆದುಹೋಗುತ್ತದೆ, ಮರದ ಬೇರುಗಳು ಹೊರಬೀಳುತ್ತವೆ. ಪೇವರ್ ಬೇಕೆನ್ನುವವರ ವಾದಕ್ಕೆ ಆಧಾರವಿಲ್ಲದಿಲ್ಲ. ಆದರೆ ಅದಕ್ಕೆ ಪರಿಹಾರ ನೀರಿಗೆ ಮೊದಲು ದಾರಿ ಮಾಡಿಕೊಡುವುದು: ಕಲ್ಲು ಕಟ್ಟಿದ ಚರಂಡಿ, ದಾರಿಗೆ ಅಡ್ಡಲಾಗಿ ನೀರು ತಿರುಗಿಸುವ ಕಟ್ಟೆ, ಮಳೆ ನಿಂತ ಕೂಡಲೇ ದುರಸ್ತಿ. ಇದು ವರ್ಷವೂ ಮಾಡಬೇಕಾದ, ಫಲಕ ಹಾಕಿಸಿಕೊಳ್ಳಲಾಗದ ಕೆಲಸ. ಹಾಗಾಗಿಯೇ ಹಿಂದೆ ಬೀಳುತ್ತದೆ.

ಕಾನೂನಿನ ಸ್ಥಿತಿ ಹೀಗಿದೆ. ಕೇಂದ್ರ ಸರಕಾರ 2003ರ ಫೆಬ್ರವರಿ 4ರಂದು ಮಾಥೇರಾನ್ ಮತ್ತು ಸುತ್ತಲಿನ ಸುಮಾರು 214 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸಿತು. ಊರೊಳಗೆ ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ಮಾತ್ರ ವಿನಾಯಿತಿ. ಇ-ರಿಕ್ಷಾದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು; 2022ರಲ್ಲಿ ಪ್ರಾಯೋಗಿಕವಾಗಿ ಓಡಿಸಲು ಅನುಮತಿ ಸಿಕ್ಕಿತು. 2025ರ ಆಗಸ್ಟ್ 6ರಂದು ಅದೇ ನ್ಯಾಯಾಲಯ, ಮನುಷ್ಯ ಮನುಷ್ಯನನ್ನು ಎಳೆಯುವ ಪದ್ಧತಿ ಅಮಾನವೀಯ, ಆರು ತಿಂಗಳೊಳಗೆ ನಿಲ್ಲಬೇಕು, ಎಳೆಯುತ್ತಿದ್ದವರಿಗೇ ಇ-ರಿಕ್ಷಾದ ಮೂಲಕ ಪುನರ್ವಸತಿ ಕಲ್ಪಿಸಬೇಕು ಎಂದು ಆದೇಶಿಸಿತು. ಪೇವರ್ ಬ್ಲಾಕಿಗೆ ದಸ್ತೂರಿ ನಾಕಾದಿಂದ ಪೇಟೆಯ ಶಿವಾಜಿ ಪ್ರತಿಮೆಯವರೆಗಿನ ಮುಖ್ಯ ದಾರಿಯಲ್ಲಿ ಮಾತ್ರ ಒಪ್ಪಿಗೆ. ಒಳದಾರಿಗಳಲ್ಲಿ ಮತ್ತು ಚಾರಣದ ಹಾದಿಗಳಲ್ಲಿ ಇಲ್ಲ.

ಇನ್ನು ನಿಮ್ಮ ತಾಯಿಯವರ ಮಾತು. ಅವರು ಸರಿಯಾಗಿಯೇ ಹೇಳಿದ್ದಾರೆ. ಕೈರಿಕ್ಷಾ ಎಂದರೆ ಕೋಲ್ಕತ್ತದಂತೆ ಸಮನೆಲದ ಗಾಡಿಯಲ್ಲ. ಮುಂದೆ ಒಬ್ಬರು ಮೂಕಿ (ಗಾಡಿಯ ಮುಂಚಾಚಿದ ದಂಡ) ಹಿಡಿದು ಎಳೆಯಬೇಕು, ಹಿಂದೆ ಇಬ್ಬರು ದೂಡಬೇಕು. ಇಳಿಜಾರು ಬಂದಾಗ ಹಿಂದಿನ ಇಬ್ಬರೂ ಗಾಡಿ ಓಡಿಹೋಗದಂತೆ ಮೈಯೆಲ್ಲ ಬಿಗಿಹಿಡಿದು ಹಿಂದಕ್ಕೆ ಜಗ್ಗಬೇಕು. ಒದ್ದೆ ಮಣ್ಣಿನಲ್ಲಿ, ಜಾರುವ ಪೇವರಿನ ಮೇಲೆ ಅದನ್ನು ಮಾಡುವವರ ಮೊಣಕಾಲುಗಳೂ ಸವೆದಿರುತ್ತವೆ. ಅದನ್ನು ಪರಂಪರೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ವಾಹನನಿಷೇಧದ ಅರ್ಥ ಹೊಗೆ, ಸದ್ದು ಮತ್ತು ವೇಗವನ್ನು ಹೊರಗಿಡುವುದು. ಅದರ ಹೊರೆಯನ್ನು ಬಡವರ ಬೆನ್ನಿಗೆ ಹಾಕುವುದಲ್ಲ. ಸಂಖ್ಯೆ ಗೊತ್ತುಮಾಡಿ, ದಾರಿ ಗೊತ್ತುಮಾಡಿ, ಪರವಾನಗಿಯನ್ನು ಹಳೆಯ ರಿಕ್ಷಾದವರಿಗೇ ಕೊಟ್ಟ ಇ-ರಿಕ್ಷಾದಿಂದ ಊರು ಕೆಡುವುದಿಲ್ಲ. ಕೆಡುವುದು ಅದನ್ನೇ ನೆಪ ಮಾಡಿಕೊಂಡು ದಾರಿ ಅಗಲಿಸಿ, ಮುಂದೆ ಟ್ಯಾಕ್ಸಿಯನ್ನು ಬಿಟ್ಟಾಗ. ಕುದುರೆಯವರ ಆತಂಕವೂ ಇಲ್ಲಿದೆ: ಅವರ ದುಡಿಮೆಗೆ ಪೆಟ್ಟು ಬೀಳುತ್ತದೆ, ಪೇವರಿನ ಮೇಲೆ ಲಾಳ ಜಾರುತ್ತದೆ. ಅವರನ್ನು ಕೂರಿಸಿಕೊಂಡು ಮಾತನಾಡದೆ ಯಾವ ಏರ್ಪಾಡೂ ಬಾಳುವುದಿಲ್ಲ.

ಉತ್ತರ 4 (ಇತಿಹಾಸದ ಉಪನ್ಯಾಸಕಿ)

ಚರ್ಚೆಯಲ್ಲಿ ಇದುವರೆಗೆ ಕಲೆಕ್ಟರ್, ಗವರ್ನರ್ ಮತ್ತು ಉದ್ಯಮಿಗಳ ಹೆಸರು ಬಂದಿವೆ. ಊರಿನಲ್ಲೇ ಹುಟ್ಟಿದ ಒಬ್ಬರ ಹೆಸರು ಬರಲಿಲ್ಲವಲ್ಲ ಎಂದು ಈ ಕೆಲವು ಸಾಲು.

ವಿಠ್ಠಲ ಲಕ್ಷ್ಮಣ ಕೋತ್ವಾಲ್, ಜನರ ಬಾಯಲ್ಲಿ ಭಾಯಿ ಕೋತ್ವಾಲ್, 1912ರ ಡಿಸೆಂಬರ್ 1ರಂದು ಮಾಥೇರಾನಿನ ಬಡ ಕ್ಷೌರಿಕ ಕುಟುಂಬದಲ್ಲಿ ಹುಟ್ಟಿದರು. ಗಿರಿಧಾಮಕ್ಕೆ ಬರುವ ದೊಡ್ಡವರ ಸೇವೆಯಿಂದಲೇ ಹೊಟ್ಟೆ ತುಂಬಿಸಿಕೊಳ್ಳಬೇಕಾದ ಮನೆಗಳ ಹುಡುಗ ಓದಿ ವಕೀಲರಾದರು. ಗುಡ್ಡದ ಕೆಳಗಿನ ಹಳ್ಳಿಗಳಲ್ಲಿ ಶಾಲೆಗಳನ್ನು ತೆರೆದರು. ಸಾಹುಕಾರರ ಸಾಲದಲ್ಲಿ ಸಿಕ್ಕಿದ ರೈತರಿಗಾಗಿ ಧಾನ್ಯದ ಬ್ಯಾಂಕು ನಡೆಸಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಅವರ ‘ದಸ್ತಾ’ ಎಂಬ ತಂಡ ಮುಂಬಯಿ ಕಡೆಗೆ ವಿದ್ಯುತ್ ಒಯ್ಯುತ್ತಿದ್ದ ಕಂಬಗಳನ್ನು ಉರುಳಿಸಿ ಸರಕಾರವನ್ನು ಕಂಗೆಡಿಸಿತು. 1943ರ ಜನವರಿ 2ರಂದು ಸಿದ್ಧಗಡದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಅವರೂ ಸಂಗಡಿಗ ಹಿರಾಜಿ ಪಾಟೀಲರೂ ಬಲಿಯಾದರು. ಆಗ ಕೋತ್ವಾಲರಿಗೆ ಮೂವತ್ತು ತುಂಬಿ ಒಂದು ತಿಂಗಳಾಗಿತ್ತಷ್ಟೆ.

ಗಿರಿಧಾಮದ ಇತಿಹಾಸವನ್ನು ಬಂಗಲೆಯ ಜಗಲಿಯಿಂದ ಮಾತ್ರ ನೋಡಿದರೆ ಇವರು ಕಾಣುವುದಿಲ್ಲ. ಹೊರೆ ಹೊತ್ತವರು, ಕುದುರೆ ನಡೆಸಿದವರು, ಕ್ಷೌರ ಮಾಡಿದವರು, ರೈಲಿಗಾಗಿ ಗುಡ್ಡ ಕಡಿದವರು, ಇವರೆಲ್ಲರ ದುಡಿಮೆಯ ಮೇಲೆ ಆ ‘ಒಳ್ಳೆಯ ಗಾಳಿ’ ಇನ್ನೊಬ್ಬರಿಗೆ ದಕ್ಕಿತು. ನಿಮ್ಮ ಸಂಜೆಯ ಮಾತುಕತೆಯಲ್ಲಿ ದಯವಿಟ್ಟು ಕೋತ್ವಾಲರಿಗೆ ಅರ್ಧ ಗಂಟೆಯನ್ನಾದರೂ ಮೀಸಲಿಡಿ. ಕೈರಿಕ್ಷಾದ ಪ್ರಶ್ನೆಯನ್ನು ಅದರ ಬೆನ್ನಿಗೇ ಎತ್ತಿಕೊಂಡರೆ ಇನ್ನೂ ಒಳ್ಳೆಯದು.

ಉತ್ತರ 2 ಬರೆದವರು, ಮತ್ತೆ

ಕರ್ಜತ್ ಕಡೆಯ ಗೆಳೆಯರ ಮಾತಿನಲ್ಲಿ ಹುರುಳಿದೆ. ಆದರೆ ನನ್ನ ವಾದವನ್ನು ಕೈಬಿಡುವುದಿಲ್ಲ. ಅದನ್ನು ಅವರ ಮಾತಿಗೆ ಜೋಡಿಸುತ್ತೇನೆ. ಊರೊಳಗೆ ವಾಹನ ಬೇಡವೆಂದು ಗಟ್ಟಿಯಾಗಿ ಹೇಳಬೇಕಾದರೆ, ವಯಸ್ಸಾದವರನ್ನೂ ಸಾಮಾನನ್ನೂ ಮೇಲಕ್ಕೆ ತರುವ ಬೇರೆ ದಾರಿ ಇರಬೇಕು. ಆ ದಾರಿ 1907ರಿಂದಲೇ ಇದೆ. ಷಟಲಿನ ಸರದಿಗಳನ್ನು ಹೆಚ್ಚಿಸಿ, ಕೆಳಗಿನ ಇಳಿಜಾರುಗಳನ್ನು ಮಳೆಗೆ ಮೊದಲೇ ಭದ್ರಪಡಿಸಿದರೆ ರಸ್ತೆ ಬೇಕೆಂಬ ಒತ್ತಡ ಅಷ್ಟರಮಟ್ಟಿಗೆ ತಗ್ಗುತ್ತದೆ. ರೈಲು ನಿಂತಿದ್ದ ವರ್ಷಗಳಲ್ಲೇ ವಾಹನದ ಬೇಡಿಕೆ ಜೋರಾಗಿ ಕೇಳಿಬಂದದ್ದು ಸಹಜವೇ ಆಗಿತ್ತು.

ಪ್ರಶ್ನೆ ಕೇಳಿದ ತಂಗಿಗೆ: ವಾರಾಂತ್ಯ ತಪ್ಪಿಸಿ ಹೋಗಿ, ಷಟಲಿನ ಟಿಕೆಟ್ ಸಾಲು ಆಗ ಚಿಕ್ಕದಿರುತ್ತದೆ. ತಾಯಿಯವರಿಗೆ ಮೊದಲ ದಿನ ಪೇಟೆ ಮತ್ತು ನಿಲ್ದಾಣದ ಆಸುಪಾಸು ಸಾಕು. ಮರುದಿನ ಬೆಳಿಗ್ಗೆ ಇ-ರಿಕ್ಷಾ ಎಲ್ಲಿಯವರೆಗೆ ಓಡುತ್ತಿದೆ ಎಂದು ಅಲ್ಲೇ ವಿಚಾರಿಸಿ, ಅವರ ಕಾಲು ಒಪ್ಪಿದರೆ ನಿಧಾನವಾಗಿ ಷಾರ್ಲೆಟ್ ಕೆರೆ ಮತ್ತು ಪಿಸರನಾಥ ದೇವಸ್ಥಾನಕ್ಕೆ ಹೋಗಿ ಬನ್ನಿ. ನಡೆಯಬಲ್ಲವರು ಅಲ್ಲಿಂದ ಲೂಯಿಸಾ ಪಾಯಿಂಟಿಗೆ ಮುಂದುವರಿಯಬಹುದು. ಎದುರಿಗೆ ಪ್ರಬಲಗಡದ ಕೋಟೆ ಕಾಣುತ್ತದೆ. ಕೈಯಲ್ಲಿ ತಿಂಡಿಯ ಪೊಟ್ಟಣ ಹಿಡಿದು ನಡೆಯಬೇಡಿ, ಕೋತಿಗಳು ಕಸಿದುಕೊಳ್ಳುತ್ತವೆ.